ಸವಣೂರಿನ ವೃತ್ತಾಂತವೂ ಅದರ ಚರಿತ್ರಕಾರರೂ

ಸಣ್ಣ ರಾಜ್ಯವೊಂದರ ಚರಿತ್ರೆಯನ್ನು ಅದರ ನೆರೆಯ ದೊಡ್ಡ ರಾಜ್ಯಗಳ ಚರಿತ್ರಕಾರರು ಬರೆದಾಗ ಅದಕ್ಕೆ ಎಂತಹ ರೂಪವುಂಟಾಗುತ್ತದೆಂಬುದಕ್ಕೆ ಸವಣೂರಿನ ನವಾಬರ ವೃತ್ತಾಂತವು ತಕ್ಕ ನಿದರ್ಶನವಾಗಿದೆ. ಇದಕ್ಕೆ ವಿದ್ವಾಂಸರು ಬಹುಕಾಲದಿಂದ ಆಧರಿಸುತ್ತ ಬಂದ ಗ್ರಂಥಗಳಲ್ಲಿ ಮೂರು ಮುಖ್ಯವಾದವು: ವಿಲ್ಕ್ಸನ ಮೈಸೂರಿನ ಚರಿತ್ರೆ (1810–17), ಗ್ರಾಂಟ್ ಡಫ್ಫನ ಮರಾಠರ ಚರಿತ್ರೆ (1826), ಕಿರ್ಮಾನಿಯ ಪಾರಸಿ ಗ್ರಂಥ ‘ನಿಶಾನ್-ಎ-ಹೈದರಿ’. ವಿಲ್ಕ್ಸನು ಮೈಸೂರಿನಲ್ಲಿಯೂ ಡಫ್ಫನು ಸಾತಾರೆಯಲ್ಲಿಯೂ ಕಂಪನಿಯ ಪ್ರತಿನಿಧಿಗಳಾಗಿದ್ದವರು. ಕಿರ್ಮಾನಿಯು ಹೈದರ್-ಟಿಪ್ಪುಗಳ ಸೇವೆಯಲ್ಲಿದ್ದವನು. ಸವಣೂರಿನ ಕಡೆಯಿಂದ ನೋಡಿದವರು ಇವರಲ್ಲಿ ಒಬ್ಬರೂ ಇಲ್ಲ.

ಈ ರಾಜ್ಯದ ವಿಪತ್ತಿಗೆ ಅದರ ಸಂಪತ್ತೇ ಕಾರಣವಾಯಿತು. ವರದಾ-ತುಂಗಭದ್ರೆಗಳ ಸೀಮೆಯ ಕರಿಯ ನೆಲವು ಜೋಳಕ್ಕೂ ಹತ್ತಿಗೂ ಹೆಸರಾದುದು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಈ ನಾಡು ಉತ್ತರದ ಮರಾಠರಿಗೂ ದಕ್ಷಿಣದ ಮೈಸೂರಿಗೂ ದಂಡಿನ ದಾರಿಯಾಗಿತ್ತು. ಈ ನೆಲದ ಕಂದಾಯವು ಯಾರಿಗೆ ಸಲ್ಲಬೇಕೆಂಬುದೇ ಅರ್ಧಶತಮಾನದ ಗಡಿಜಗಳಗಳ ತಿರುಳು.

1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನೂ ನಿಜಾಮ ಸಲಾಬತ್ ಜಂಗನೂ ಕೂಡಿ ಸವಣೂರನ್ನು ಮುತ್ತಿದರು. ಅವರೊಡನೆ ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳೂ ಇದ್ದುವು. ಆಮೇಲೆ ಹೈದರನು ನವಾಬ ಅಬ್ದುಲ್ ಹಕೀಂಖಾನನನ್ನು ಸೋಲಿಸಿದನು. 1764ರಲ್ಲಿ ಮಾಧವರಾಯನು ಹೈದರನನ್ನು ರಟ್ಟಿಹಳ್ಳಿಯಲ್ಲಿ ಸೋಲಿಸಿದನು. 1779ರಲ್ಲಿ ಎರಡು ಮನೆತನಗಳಿಗೂ ಕೊಟ್ಟು ತರುವ ಸಂಬಂಧವಾಯಿತು. ಆದರೂ 1786ರಲ್ಲಿ ನವಾಬನು ಊರು ಬಿಟ್ಟು ಮರಾಠರ ಪಾಳೆಯವನ್ನು ಸೇರಬೇಕಾಯಿತು; ಸವಣೂರು ಟಿಪ್ಪುವಿನ ಕೈಸೇರಿತು. 1800ರ ಜೂನಿನಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟುತ್ತ ಬಂದ ವೆಲ್ಲೆಸ್ಲಿಯು ರಾಣೆಬೆನ್ನೂರಿನ ಕೋಟೆಯನ್ನು ಹತ್ತಿ ಹಿಡಿದನು.

ಮೇಲಿನ ಗ್ರಂಥಗಳ ದೋಷವು ಈ ಸಂಗತಿಗಳನ್ನು ಬಿಟ್ಟುದರಲ್ಲಿಲ್ಲ, ಜೋಡಿಸಿದ ಕ್ರಮದಲ್ಲಿದೆ. 1779ರ ವಿವಾಹಗಳನ್ನು ವಿಲ್ಕ್ಸನು ವಿವರಿಸಿದ್ದಾನೆ. ಅದಕ್ಕಾಗಿ ಅವನು ಶ್ಲಾಘ್ಯನೇ. ಆದರೆ ದಂಡು ಬಂದಾಗ ಸವಣೂರು ಕಾಣಿಸಿಕೊಳ್ಳುವುದು, ಹೋದಾಗ ಮರೆಯಾಗುವುದು. 1756ರ ಮುತ್ತಿಗೆಯಾದರೂ ಬುಸ್ಸಿಯ ಪದಚ್ಯುತಿಗೆ ಪೀಠಿಕೆಯಾಗಿಯೇ ಹೆಚ್ಚಾಗಿ ಸ್ಮರಿಸಲ್ಪಡುತ್ತದೆ. ಹೀಗೆ ತುಂಡುತುಂಡಾಗಿ ಓದಿದವನಿಗೆ ನವಾಬನು ಚಂಚಲಚಿತ್ತನೆಂದು ತೋರುವುದು ಸಹಜ. ಅವೇ ಸಂಗತಿಗಳನ್ನು ಸವಣೂರಿನಲ್ಲಿ ನಿಂತು ಕ್ರಮವಾಗಿ ನೋಡಿದರೆ, ಪಕ್ಷ ಬದಲಿಸುವುದು ಚಾಪಲ್ಯವಲ್ಲ, ಬಲಹೀನನಿಗೆ ಉಳಿದಿದ್ದ ಏಕಮಾತ್ರ ರಾಜನೀತಿಯೆಂಬುದು ವ್ಯಕ್ತವಾಗುತ್ತದೆ.

ಆದರೆ ನವಾಬನಿಗೆ ನ್ಯಾಯ ದೊರಕಿಸಿದ ಮಾತ್ರಕ್ಕೆ ವಿಮರ್ಶೆಯು ಮುಗಿಯದು. ಗೆದ್ದವರಿಗೆಲ್ಲ ತೆತ್ತ ಖಂಡಣಿಯು ಕೊನೆಗೆ ಬಂದುದು ಈ ನೆಲದ ಒಕ್ಕಲಿನಿಂದ. ಒಡೆಯನು ಬದಲಾದಾಗ ಹಳ್ಳಿಯ ಗೌಡನು ಯಾರ ಮುಂದೆ ಲೆಕ್ಕ ಒಪ್ಪಿಸಿದನು, ಬೀಳುಬಿದ್ದ ಹೊಲವೆಷ್ಟು ಎಂಬ ಪ್ರಶ್ನೆಗಳಿಗೆ ದರ್ಬಾರಿನ ಗ್ರಂಥಗಳಲ್ಲಿ ಉತ್ತರವನ್ನು ನಿರೀಕ್ಷಿಸುವುದು ವ್ಯರ್ಥ. ಕೈಫಿಯತ್ತುಗಳನ್ನೂ ದೇಸಗತಿಯ ಮೋಡಿ ಕಾಗದಪತ್ರಗಳನ್ನೂ ಶೋಧಿಸಬೇಕು.

ಕಡೆಗೆ ಸುಮಾರು 70 ಚದರ ಮೈಲಿಗಳಷ್ಟು ಮಾತ್ರ ಉಳಿದಿದ್ದ ಸಂಸ್ಥಾನವು 1948ರ ಮಾರ್ಚಿಯಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1997ರಿಂದ ಸವಣೂರು ಹಾವೇರಿ ಜಿಲ್ಲೆಗೆ ಸೇರಿದೆ. ಗಡಿಯ ವ್ಯಾಜ್ಯವು ಅಲ್ಲಿಗೆ ತೀರಿತು. ಆ ನಾಡಿನ ಚರಿತ್ರೆಯನ್ನು ಅಲ್ಲಿಯವರ ಕಡೆಯಿಂದ ಬರೆಯುವ ಕಾರ್ಯವು ಕನ್ನಡ ವಿದ್ವಾಂಸರ ಪಾಲಿನದು.