‘ಗೌಪ್ಯತೆ’ ಎಂಬ ಮಾತು

ಪ್ರಜೆಯ ಬಾಳಿನ ಮೇಲೆ ಸರ್ಕಾರ ಎಷ್ಟರಮಟ್ಟಿಗೆ ಕಣ್ಣಿಡಬಹುದೆಂಬ ಚರ್ಚೆ ನಮ್ಮಲ್ಲಿ ನಡೆಯುತ್ತಲೇ ಇದೆ. ಆ ಚರ್ಚೆಯಲ್ಲಿ ರೂಢಿಗೆ ಬಂದಿರುವ ‘ಗೌಪ್ಯತೆಯ ಹಕ್ಕು’ ಎಂಬ ಮಾತನ್ನು ಕುರಿತು ನನ್ನದೊಂದು ತಕರಾರಿದೆ.

ಗೌಪ್ಯವೆಂದರೆ ಮುಚ್ಚಿಡತಕ್ಕದ್ದು. ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುವ ರೈತನಿಗೆ ‘ಇದು ನಿನ್ನ ಗೌಪ್ಯತೆಯ ಪ್ರಶ್ನೆ’ ಎಂದರೆ, ‘ಮುಚ್ಚಿಡೋಕೆ ನಂದೇನು ಗುಟ್ಟೈತೆ ಸ್ವಾಮಿ?’ ಎಂದಾನು. ಸರ್ಕಾರಕ್ಕೆ ಬೇಕಾದದ್ದೂ ಇದೇ ಉತ್ತರ. ವಾದ ಹೂಡುವ ಮುನ್ನವೇ ಪದವು ಅದನ್ನು ಎದುರಾಳಿಗೆ ಒಪ್ಪಿಸಿಬಿಟ್ಟಿತು.

ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತ ಸಾಕ್ಷ್ಯವಿಲ್ಲದೆ ಬಿಡುಗಡೆಯಾದ ಮೇಲೂ ಪೊಲೀಸರು ರಾತ್ರಿ ಹೊತ್ತು ಬಂದು ಬಾಗಿಲು ತಟ್ಟುತ್ತಿದ್ದರು. ಅವನು ಕಳೆದುಕೊಂಡದ್ದು ನಿದ್ದೆ, ನೆಮ್ಮದಿ, ಮಾನ. ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ಆ ರಾತ್ರಿಭೇಟಿಗಳನ್ನು ರದ್ದುಮಾಡಿತಾದರೂ, ಸಂವಿಧಾನದಲ್ಲಿ ಇಂಥ ಹಕ್ಕಿಲ್ಲವೆಂದು ಬಹುಮತದ ತೀರ್ಪು ಸಾರಿತು. ಉಂಟೆಂದ ನ್ಯಾಯಮೂರ್ತಿ ಸುಬ್ಬರಾವ್ ಅವರ ಭಿನ್ನಮತ ಗೆಲ್ಲಲು 55 ವರ್ಷ ಹಿಡಿಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಇದು ಮೂಲಭೂತ ಹಕ್ಕೆಂದರು. ಆ ತೀರ್ಪಿನ ತಳಹದಿ ಮನುಷ್ಯನ ಘನತೆ.

ಆದರೂ ಕಥೆ ಮುಗಿದಿಲ್ಲ. 2018ರಲ್ಲಿ ಅದೇ ನ್ಯಾಯಾಲಯ, ಪಡಿತರದಂಥ ಸವಲತ್ತುಗಳಿಗೆ ಆಧಾರ್ ಕೇಳಬಹುದೆಂದು ಬಹುಮತದಿಂದ ತೀರ್ಮಾನಿಸಿತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೋ, ತನ್ನ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೇ ಕೊಟ್ಟಿದೆ. ಹಕ್ಕು ಉಳಿಯಬೇಕಾದರೆ ಜನ ಅದನ್ನು ಕೇಳಬೇಕು. ಕೇಳಬೇಕಾದರೆ ಅವರ ಮಾತಿನಲ್ಲಿ ಅದಕ್ಕೊಂದು ಹೆಸರಿರಬೇಕು.

ಚಿತ್ರದುರ್ಗದ ಕೋಟೆಯ ಬತೇರಿಯ ಮೇಲೆ ನಿಂತವನು ಮಾಡುತ್ತಿದ್ದುದು ಕಾವಲು. ಅವನ ಕಣ್ಣು ಹೊರಗಿನ ಹಗೆಯ ಮೇಲೆ. ಅವನೇ ತಿರುಗಿ ಊರೊಳಗಿನ ಮನೆಗಳತ್ತ ಕಣ್ಣು ಹಾಯಿಸಿದ್ದರೆ ಅದನ್ನು ಯಾರೂ ಕಾವಲೆನ್ನುತ್ತಿರಲಿಲ್ಲ. ಹಿರಿಯೂರಿನ ಸಂತೆಯಲ್ಲಿ ಯಾರನ್ನಾದರೂ ಕೇಳಿ ನೋಡಿ: ಅದು ಇಣುಕುವುದು, ಅದರಿಂದ ಹೋಗುವುದು ಮಾನ. ಈ ಪದಕ್ಕೂ ತೊಡಕುಗಳಿಲ್ಲದಿಲ್ಲ. ಹೆಣ್ಣನ್ನು ಕಟ್ಟಿಹಾಕಲು ಊರು ಬಳಸಿದ್ದೂ ಇದನ್ನೇ. ಆದರೆ ಗುಟ್ಟಿಲ್ಲದವನಿಗೂ ಮಾನವುಂಟು. ‘ಗೌಪ್ಯತೆ’ ಹೇಳಲಾರದ ಮಾತು ಇದು. ನಮ್ಮ ಕಾನೂನಿನ ಕನ್ನಡವನ್ನು ಕಟ್ಟುತ್ತಿರುವ ವಿದ್ವಾಂಸರು ನಿಘಂಟನ್ನು ತೆರೆಯುವುದಕ್ಕೆ ಮೊದಲು ಸಂತೆಗೊಮ್ಮೆ ಹೋಗಿಬರುವುದು ಒಳ್ಳೆಯದು.