ಸಾಕ್ಷ್ಯಚಿತ್ರದ ಸಾಕ್ಷ್ಯ: ಫ್ಲಾಹರ್ಟಿಯ ಕೃತಿಗಳಲ್ಲಿ ಸತ್ಯ ಮತ್ತು ಸಂಯೋಜನೆ

ಸಾಕ್ಷಿ ನುಡಿಯುವವನಿಗೆ ಎರಡು ಯೋಗ್ಯತೆಗಳು ಬೇಕು. ಕಂಡದ್ದನ್ನು ಕಂಡಂತೆ ಹೇಳುವ ಪ್ರಾಮಾಣಿಕತೆ ಒಂದು. ಯಾರ ಹಂಗಿಗೂ ಒಳಗಾಗದ ನಿರ್ಲಿಪ್ತತೆ ಇನ್ನೊಂದು. ಇಂಗ್ಲಿಷಿನ ‘ಡಾಕ್ಯುಮೆಂಟರಿ’ ಎಂಬ ಮಾತು ದಾಖಲೆಯ ಅರ್ಥವನ್ನಷ್ಟೇ ಹೊತ್ತಿದೆ. ಕನ್ನಡದ ‘ಸಾಕ್ಷ್ಯಚಿತ್ರ’ ಎಂಬ ಪದವಾದರೋ ಆ ಕಲೆಯ ಮೇಲೆ ಅದಕ್ಕಿಂತ ಹೆಚ್ಚಿನ ನೈತಿಕ ಹೊಣೆಯನ್ನು ಹೊರಿಸುತ್ತದೆ. ಈ ಪ್ರಕಾರದ ಆದ್ಯನೆಂದು ಹೆಸರಾದ ಅಮೆರಿಕದ ರಾಬರ್ಟ್ ಫ್ಲಾಹರ್ಟಿಯ (1884–1951) ಕೃತಿಗಳನ್ನು ಈ ಎರಡು ಒರೆಗಲ್ಲುಗಳಿಗೂ ತಿಕ್ಕಿ ನೋಡುವುದು ಉಚಿತ.

ಫ್ಲಾಹರ್ಟಿ ಮೂಲತಃ ಖನಿಜಾನ್ವೇಷಕ. ಕೆನಡಾದ ಉತ್ತರ ಪ್ರಾಂತಗಳಲ್ಲಿ ಕಬ್ಬಿಣದ ಅದಿರನ್ನು ಹುಡುಕುತ್ತ ಅಲೆದವನು, 1913ರಲ್ಲಿ ಚಲನಚಿತ್ರದ ಕ್ಯಾಮರಾವೊಂದನ್ನೂ ಜೊತೆಗೆ ಕೊಂಡೊಯ್ದನು. ಆಗ ತೆಗೆದ ಸುಮಾರು 30,000 ಅಡಿ ಫಿಲ್ಮು 1916ರಲ್ಲಿ ಟೊರಾಂಟೊದಲ್ಲಿ ಸಿಗರೇಟಿನ ಕಿಡಿ ತಗಲಿ ಭಸ್ಮವಾಯಿತು. ಉಳಿದ ಪ್ರತಿಯೊಂದನ್ನು ಪ್ರದರ್ಶಿಸಿದಾಗ ಅದರಲ್ಲಿ ಸ್ಥಳಗಳಿವೆ, ಮನುಷ್ಯನಿಲ್ಲ ಎಂಬುದು ಅವನಿಗೇ ಮನವರಿಕೆಯಾಯಿತು. ಒಂದು ಕುಟುಂಬದ ಬಾಳುವೆಯನ್ನು ಕೇಂದ್ರವಾಗಿಟ್ಟುಕೊಳ್ಳುವ ಸಂಕಲ್ಪ ಮೂಡಿದ್ದು ಈ ಸೋಲಿನಿಂದಲೇ. ಆದುದರಿಂದ ಸಾಕ್ಷ್ಯಚಿತ್ರವೆಂಬ ಕಲೆಯು ಹುಟ್ಟಿದ್ದು ಕೇವಲ ದಾಖಲೆಯ ವೈಫಲ್ಯದಲ್ಲಿ ಎಂದರೆ ಅತಿಶಯೋಕ್ತಿಯಾಗದು.

1920–21ರಲ್ಲಿ ಹಡ್ಸನ್ ಕೊಲ್ಲಿಯ ತೀರದಲ್ಲಿ ಚಿತ್ರೀಕರಿಸಿ 1922ರಲ್ಲಿ ತೆರೆಗೆ ತಂದ ‘ನಾನೂಕ್ ಆಫ್ ದ ನಾರ್ತ್’ ಜಗದ್ವಿಖ್ಯಾತವಾಯಿತು. ಆದರೆ ಚಿತ್ರದ ನಾಯಕನ ನಿಜನಾಮ ನಾನೂಕ್ ಅಲ್ಲ, ಅಲ್ಲಕರಿಯಲ್ಲಕ್. ತೆರೆಯ ಮೇಲಿನ ಪತ್ನಿ ಅವನ ಪತ್ನಿಯಲ್ಲ. ಹಿಮದ ಮನೆಯ ಒಳಗೆ ಬೆಳಕು ಸಾಲದೆ ಅರ್ಧ ಗೋಡೆಯಷ್ಟನ್ನೇ ಕಟ್ಟಿಸಿ, ಬಯಲಿನಲ್ಲಿಯೇ ಆ ಕುಟುಂಬವನ್ನು ಮಲಗಿಸಿ, ಎಬ್ಬಿಸಿ ಚಿತ್ರಿಸಲಾಯಿತು. ಕೋವಿಯನ್ನು ಬಳಸಬಲ್ಲ ಬೇಟೆಗಾರರು ಹಿಂದಿನವರಂತೆ ಈಟಿಯಿಂದ ವಾಲ್ರಸ್ ಎಂಬ ಕಡಲಪ್ರಾಣಿಯನ್ನು ಬೇಟೆಯಾಡಿದರು. ಪ್ರಾಣಿಯು ತಮ್ಮನ್ನೇ ಕಡಲಿಗೆ ಎಳೆಯತೊಡಗಿದಾಗ ಕೋವಿ ಹಾರಿಸೆಂದು ಅವರು ಕೂಗಿಕೊಂಡರೂ ತಾನು ಕೇಳಿಸದವನಂತೆ ಕ್ಯಾಮರಾ ತಿರುಗಿಸುತ್ತಿದ್ದೆನೆಂದು ಫ್ಲಾಹರ್ಟಿಯೇ ಹೇಳಿಕೊಂಡಿದ್ದಾನೆ.

ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸುಳ್ಳೆಂದು ತಳ್ಳಿಹಾಕುವುದು ವಿಮರ್ಶೆಯ ಮಾರ್ಗವಲ್ಲ. ಅರ್ಧ ಕಟ್ಟಿದ ಮನೆಯು ಯಂತ್ರದ ಮಿತಿಯಿಂದ ಬಂದ ಉಪಾಯ. ಹಿಮದ ಮನೆಯಲ್ಲಿ ಆ ಜನ ಹೇಗೆ ಬದುಕುತ್ತಿದ್ದರೆಂಬ ಅರಿವಿಗೆ ಅದರಿಂದ ಊನವಿಲ್ಲ. ಈಟಿಯ ಬೇಟೆಯು ಪೂರ್ವಿಕರ ಬಾಳಿನ ಪುನಃಸೃಷ್ಟಿ. ಬೇಟೆಗಿಂತ ಚಿತ್ರವೇ ಮುಖ್ಯವೆಂದು ಬೇಟೆಗಾರರೇ ಮೊದಲು ಒಪ್ಪಿದ್ದರು. ಅಲ್ಲಿಯ ದೋಷವೆಂದರೆ, ನಿನ್ನೆಯದನ್ನು ಇಂದಿನದೆಂದು ತೋರಿಸಿದ್ದು. ಮೂರನೆಯದೊಂದು ದೃಶ್ಯವುಂಟು. ವ್ಯಾಪಾರಿಯ ಮಳಿಗೆಯಲ್ಲಿ ಗ್ರಾಮಫೋನನ್ನು ಕಂಡು ನಾನೂಕ್ ಬೆರಗಾಗುತ್ತಾನೆ, ಅದರ ತಟ್ಟೆಯನ್ನು ಕಚ್ಚಿ ನೋಡುತ್ತಾನೆ. ಚಿತ್ರೀಕರಣದ ಕಾಲದಲ್ಲಿ ಫ್ಲಾಹರ್ಟಿಯ ಕ್ಯಾಮರಾಗಳನ್ನು ಬಿಚ್ಚಿ ಜೋಡಿಸಿ ದುರಸ್ತಿ ಮಾಡುತ್ತಿದ್ದವರು ಇದೇ ಇನ್ಯುಯಿಟ್ ಜನರು! ಯಂತ್ರವನ್ನು ಬಲ್ಲವರನ್ನು ಯಂತ್ರವನ್ನರಿಯದ ಮುಗ್ಧರೆಂದು ತೋರಿಸಿದ ಈ ದೃಶ್ಯಕ್ಕೆ ಯಾವ ಸಮರ್ಥನೆಯೂ ಒದಗದು. ಮೊದಲಿನ ಎರಡು ಕಡೆ ಸಂಯೋಜನೆಯು ಅರಿವಿಗೆ ನೆರವಾದರೆ ಇಲ್ಲಿ ಅದು ಮನುಷ್ಯನ ಘನತೆಗೇ ಎರವಾಗಿದೆ.

ಎರಡನೆಯ ಒರೆಗಲ್ಲು ಹಣದ್ದು. ಚಲನಚಿತ್ರವು ಲೇಖನಿ ಕಾಗದಗಳಿಂದ ಸಾಧ್ಯವಾಗುವ ಕಲೆಯಲ್ಲ. ‘ನಾನೂಕ್’ ಚಿತ್ರಕ್ಕೆ ಹಣ ಕೊಟ್ಟದ್ದು ತುಪ್ಪುಳುದೊಗಲಿನ ವ್ಯಾಪಾರದ ಫ್ರೆಂಚ್ ಸಂಸ್ಥೆಯಾದ ರೆವಿಯೊಂ ಫ್ರೇರ್. ನರಿಯ ತೊಗಲನ್ನು ತಂದೊಪ್ಪಿಸುವ ಬೇಟೆಗಾರನೇ ಅದರ ನಾಯಕ. ವ್ಯಾಪಾರಿಯು ಆ ತೊಗಲಿಗೆ ಕೊಟ್ಟ ಬೆಲೆ ನ್ಯಾಯವೇ ಎಂಬ ಪ್ರಶ್ನೆ ಚಿತ್ರದಲ್ಲಿ ಏಳುವುದೇ ಇಲ್ಲ. 1948ರ ‘ಲೂಸಿಯಾನಾ ಸ್ಟೋರಿ’ಯ ವೆಚ್ಚವನ್ನು ಭರಿಸಿದ್ದು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ. ತನ್ನ ಹೆಸರನ್ನು ತೆರೆಯ ಮೇಲೆ ಕಾಣಿಸದಿರುವಷ್ಟು ಜಾಣ್ಮೆ ಅದಕ್ಕಿತ್ತು. ಜೌಗುನಾಡಿನ ಬಾಲಕನೊಬ್ಬನ ಕಣ್ಣಿನಲ್ಲಿ ತೈಲಬಾವಿಯ ಉಕ್ಕಿನ ಗೋಪುರವು ಬಂದು ಹೋಗುವ ಸೌಮ್ಯ ಅತಿಥಿಯಂತೆ ಕಾಣುತ್ತದೆ. ನೀರಿನ ಹೊಳಪು, ಮೊಸಳೆಯ ಚಲನೆ, ವರ್ಜಿಲ್ ಥಾಮ್ಸನ್ನನ ಸಂಗೀತ ಎಲ್ಲವೂ ಮನೋಹರ. ಈ ಸೌಂದರ್ಯವೇ ಧನಿಕನಿಗೆ ಸಂದ ಬಡ್ಡಿಯೆಂಬುದನ್ನು ಪ್ರೇಕ್ಷಕನು ಗಮನಿಸಬೇಕು. ಪೋಷಕನ ಪ್ರಭಾವವು ತೋರಿಸಿದ್ದರಲ್ಲಿ ಮಾತ್ರವಲ್ಲ, ತೋರಿಸದೆ ಬಿಟ್ಟದ್ದರಲ್ಲಿಯೂ ಅಡಗಿರುತ್ತದೆ.

ಎಲ್ಲ ಹೊಣೆಯನ್ನೂ ಪೋಷಕನ ತಲೆಗೆ ಕಟ್ಟುವಂತೆಯೂ ಇಲ್ಲ. ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ತೆಗೆದ ‘ಮ್ಯಾನ್ ಆಫ್ ಅರಾನ್’ (1934) ಚಿತ್ರದಲ್ಲಿ ಎಂದೋ ನಿಂತುಹೋಗಿದ್ದ ಶಾರ್ಕ್ ಬೇಟೆಯನ್ನು ದ್ವೀಪವಾಸಿಗಳಿಗೆ ಹೊಸದಾಗಿ ಕಲಿಸಿ ಆಡಿಸಲಾಯಿತು. ಬಂಡೆಯ ಮೇಲೆ ಕಡಲಪಾಚಿ ಹಾಸಿ ಹೊಲ ಮಾಡುವ ತಾಯಿಯ ಶ್ರಮ ಕಣ್ತುಂಬುವಂತೆ ಬಂದಿದೆ. ಆ ನೆಲದ ಒಡೆತನ, ಗೇಣಿಗಳ ಕಥೆ ಬಂದಿಲ್ಲ. ಮನುಷ್ಯನಿಗೆ ಪ್ರಕೃತಿಯೊಂದೇ ಎದುರಾಳಿಯೆಂಬ ಫ್ಲಾಹರ್ಟಿಯ ಸ್ವಂತ ನಂಬಿಕೆಯೇ ಇಲ್ಲಿ ಅವನ ಕಣ್ಣಿಗೆ ಪೊರೆಯಾಗಿದೆ.

ಇಷ್ಟಾದರೂ ಅವನ ಸಾಧನೆಯನ್ನು ಅಲ್ಲಗಳೆಯಲಾಗದು. ಅವನ ‘ಮೊಆನಾ’ ಚಿತ್ರವನ್ನು ವಿಮರ್ಶಿಸುತ್ತ 1926ರಲ್ಲಿ ಜಾನ್ ಗ್ರಿಯರ್ಸನ್ ಬಳಸಿದ ‘ಡಾಕ್ಯುಮೆಂಟರಿ’ ಎಂಬ ವಿಶೇಷಣವೇ ಮುಂದೆ ಈ ಪ್ರಕಾರದ ಹೆಸರಾಯಿತು. ಅಮೆರಿಕದ ರಾಷ್ಟ್ರೀಯ ಸಂರಕ್ಷಣೆಗೆಂದು 1989ರಲ್ಲಿ ಆಯ್ದ ಮೊದಲ 25 ಚಿತ್ರಗಳಲ್ಲಿ ‘ನಾನೂಕ್’ ಸೇರಿತು. ತೆಗೆದ ದೃಶ್ಯಗಳನ್ನು ಅಲ್ಲಿಯೇ ಸಂಸ್ಕರಿಸಿ, ಅದರಲ್ಲಿದ್ದವರಿಗೇ ಮೊದಲು ತೋರಿಸಿದ ಅವನ ಪದ್ಧತಿ ಈ ವೃತ್ತಿಗೆ ಇಂದಿಗೂ ಆದರ್ಶಪ್ರಾಯ. ಯಾರ ಬಾಳನ್ನು ಚಿತ್ರಿಸಲಾಗಿದೆಯೋ ಅವರ ಎದುರಿಗೆ ನಾಚಿಕೆಯಿಲ್ಲದೆ ತೋರಿಸಬಹುದಾದ ಚಿತ್ರವೇ ಸಾಕ್ಷ್ಯವೆನಿಸಲು ಅರ್ಹ. ಫ್ಲಾಹರ್ಟಿಯ ಬೇಟೆಯ ದೃಶ್ಯಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಗ್ರಾಮಫೋನಿನ ದೃಶ್ಯ ಸೋಲುತ್ತದೆ. ಸಾಕ್ಷ್ಯಚಿತ್ರವನ್ನು ಅಭ್ಯಸಿಸುವವರು ಈ ಅಂತರವನ್ನು ಮನಗಂಡರೆ ಅವನ ಗುಣದೋಷಗಳೆರಡೂ ಅವರಿಗೆ ಪಾಠವಾಗುತ್ತವೆ.