ಅಳೆಯೋ ಕೊಳಗ ಯಾರ್ದು?

ನಮ್ಮ ಹಟ್ಟಿಗೆ ಮೊದಲ ಸಲ ಡಿಗ್ರಿ ಕಾಲೇಜಿನ ಅಂಕಪಟ್ಟಿ ಬಂದ ದಿನ ಅಪ್ಪ ಅದನ್ನು ಎರಡೂ ಕೈಲಿ ಹಿಡಿದು, 'ಎಷ್ಟು ಬಂತು ಮಗ?' ಅಂದ. 'ಆರು ಪಾಯಿಂಟ್ ನಾಕು' ಎಂದೆವು. 'ಹತ್ತಕ್ಕಾ? ಹಂಗಾರೆ ನೂರಕ್ಕೆ ಅರವತ್ನಾಕು ಅನ್ನು.' ಅದು ಹಂಗಲ್ಲ ಎಂದೆವು. ಯಾಕೆ ಹಂಗಲ್ಲ ಎಂದು ಹೇಳಲು ಆ ದಿನ ನಮಗೂ ಬರಲಿಲ್ಲ. ಅಪ್ಪ ಚಿಕ್ಕವನಿದ್ದಾಗ ದೊಡ್ಡವರ ಕಣದಲ್ಲಿ ಕೂಲಿ ರಾಗಿ ಅಳೆಸಿಕೊಂಡು ಬಂದವನು. ಅಲ್ಲಿ ಕೊಡೋ ಕೊಳಗವೇ ಬೇರೆ, ತಗೊಳ್ಳೋ ಕೊಳಗವೇ ಬೇರೆ. ಪಟ್ಟಿಯನ್ನು ಮಡಿಸಿ ಕೊಡುತ್ತಾ ಒಂದೇ ಮಾತು ಕೇಳಿದ: 'ಅಳೆಯೋ ಕೊಳಗ ಯಾರ್ದು?'

ಕಾವ್ಯವನ್ನು ವಿಮರ್ಶೆ ಮಾಡುವ ನಾವು, ನಮ್ಮ ಹಣೆಬರಹವನ್ನೇ ಬರೆಯುವ ಈ ಒಂದು ಹಾಳೆಯನ್ನು ಯಾಕೆ ವಿಮರ್ಶೆ ಮಾಡಬಾರದು?

ಮೊದಲು ಲೆಕ್ಕ ತಿಳಿಯೋಣ. ತಿಳಿಯದ ಲೆಕ್ಕಕ್ಕೆ ಕೈಮುಗಿಯುವುದು ಮಂತ್ರಕ್ಕೆ ಕೈಮುಗಿದ ಹಾಗೆಯೇ. ೨೦೧೫ರಲ್ಲಿ ಯುಜಿಸಿ ದೇಶದ ವಿಶ್ವವಿದ್ಯಾಲಯಗಳಿಗೆಲ್ಲ ಹತ್ತು ಪಾಯಿಂಟಿನ ಒಂದು ಏಣಿ ಕೊಟ್ಟಿತು. ಮೇಲಿನ ಮೆಟ್ಟಿಲು 'ಓ', ಅದಕ್ಕೆ ಹತ್ತು. 'ಎ ಪ್ಲಸ್'ಗೆ ೯, 'ಎ'ಗೆ ೮, 'ಬಿ ಪ್ಲಸ್'ಗೆ ೭, 'ಬಿ'ಗೆ ೬, 'ಸಿ'ಗೆ ೫, ಬರೀ ಪಾಸಾದವನ 'ಪಿ'ಗೆ ೪. 'ಎಫ್'ಗೆ ಸೊನ್ನೆ. ಒಂದೊಂದು ವಿಷಯಕ್ಕೆ ಇಷ್ಟಿಷ್ಟು ಕ್ರೆಡಿಟ್ ಎಂದಿರುತ್ತದೆ. ಪಾಯಿಂಟನ್ನು ಕ್ರೆಡಿಟ್ಟಿನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಆ ಸೆಮಿಸ್ಟರಿನ ಸರಾಸರಿ. ಎಲ್ಲ ಸೆಮಿಸ್ಟರುಗಳನ್ನೂ ಹೀಗೇ ಕೂಡಿಸಿ ಭಾಗಿಸಿದರೆ ಸಿಜಿಪಿಎ.

ನಮ್ಮದೇ ಲೆಕ್ಕ ನೋಡಿ. ಮೊದಲ ಸೆಮಿಸ್ಟರಿನಲ್ಲಿ ಐದು ವಿಷಯ, ಒಂದೊಂದಕ್ಕೂ ನಾಲ್ಕು ಕ್ರೆಡಿಟ್. ನಾಲ್ಕರಲ್ಲಿ ಬಂದದ್ದು ೮, ೭, ೭, ೬. ಇಂಗ್ಲಿಷಿನಲ್ಲಿ ಸೊನ್ನೆ. ಕೂಡಿಸಿ ಭಾಗಿಸಿದರೆ ೫.೬. ನಾಲ್ಕು ವಿಷಯದ ಸರಾಸರಿ ಸರಿಯಾಗಿ ೭ ಇದ್ದದ್ದನ್ನು ಒಂದು ಸೊನ್ನೆ ಎಳೆದು ಕೆಳಗೆ ಹಾಕಿತು. ಆ ಪಟ್ಟಿಯನ್ನು ನಾವು ಮನೆಯಲ್ಲಿ ತೋರಿಸಲಿಲ್ಲ. ಮತ್ತೆ ಬರೆದು 'ಪಿ' ತಂದ ಮೇಲೆ ೬.೪ ಆಯಿತು. ಅಪ್ಪ ಕೈಲಿ ಹಿಡಿದದ್ದು ಅದನ್ನು.

ಅದು ನೂರಕ್ಕೆ ಅರವತ್ತನಾಲ್ಕು ಯಾಕಲ್ಲ? ಅಂಕ ಮೊದಲು ಅಕ್ಷರವಾಗುತ್ತದೆ, ಅಕ್ಷರ ಮತ್ತೆ ಅಂಕಿಯಾಗುತ್ತದೆ. ಒಂದು ಮೆಟ್ಟಿಲಿನ ತಳದಲ್ಲಿ ನಿಂತವನಿಗೂ ಅಂಚಿನಲ್ಲಿ ನಿಂತವನಿಗೂ ಒಂದೇ ಪಾಯಿಂಟು. ಒಂದು ಅಂಕ ಕಡಿಮೆಯಾಗಿ ಕೆಳಗಿನ ಮೆಟ್ಟಿಲಿಗೆ ಬಿದ್ದವನಿಗೆ ಇಡೀ ಒಂದು ಪಾಯಿಂಟು ಕಡಿಮೆ. ಎಷ್ಟು ಅಂಕಕ್ಕೆ ಯಾವ ಅಕ್ಷರ ಎಂಬುದನ್ನೂ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಥರ ಕಟ್ಟಿಕೊಂಡಿದೆ. ಈ ಅಕ್ಷರಗಳು ದೇವರು ಬರೆದವಲ್ಲ. ೧೮೯೭ರಲ್ಲಿ ಅಮೆರಿಕದ ಮೌಂಟ್ ಹೋಲಿಯೋಕ್ ಎಂಬ ಹೆಣ್ಣುಮಕ್ಕಳ ಕಾಲೇಜು ಎ, ಬಿ, ಸಿ ಎಂದು ವಿದ್ಯಾರ್ಥಿಗಳನ್ನು ವಿಂಗಡಿಸಿತ್ತು. ಮನುಷ್ಯರು ಕಟ್ಟಿದ್ದು, ಮನುಷ್ಯರು ಬಿಚ್ಚಿ ನೋಡಬಹುದು.

ಈಗ ಸರಾಸರಿ ಎಂಬುದರ ಒಳಗೆ ಇಣುಕೋಣ. ಒಬ್ಬ ಹುಡುಗ ಕನ್ನಡ ಮೀಡಿಯಂನಿಂದ ಬಂದವನು. ಮೊದಲ ಎರಡು ಸೆಮಿಸ್ಟರು ಪಾಠ ಯಾವ ಭಾಷೆಯಲ್ಲಿ ನಡೀತಿದೆ ಎಂದೇ ತಿಳಿಯದೆ ಕೂತವನು, ಬಂದದ್ದು ಐದೈದು. ಆಮೇಲೆ ಹಲ್ಲುಕಚ್ಚಿ ಓದಿ ನಾಲ್ಕು ಸೆಮಿಸ್ಟರಿನಲ್ಲೂ ಎಂಟೆಂಟು ತಂದ. ಕ್ರೆಡಿಟ್ ಸಮ ಇದ್ದರೆ ಅವನ ಸಿಜಿಪಿಎ ಏಳು. ಇನ್ನೊಬ್ಬ ಮನೆತುಂಬ ಪುಸ್ತಕವಿದ್ದವನು, ಆರೂ ಸೆಮಿಸ್ಟರಿನಲ್ಲಿ ಏಳೇಳು ತಂದ. ಅವನದೂ ಏಳು. ಹಳ್ಳದಿಂದ ಹತ್ತಿ ಬಂದವನಿಗೂ ದಿಣ್ಣೆಯ ಮೇಲೆ ಹುಟ್ಟಿ ಅಲ್ಲೇ ನಿಂತವನಿಗೂ ಒಂದೇ ಸಂಖ್ಯೆ. ಇದನ್ನು ಅವರು ಸಮಾನತೆ ಎನ್ನುತ್ತಾರೆ. ಆ ಏಳು ಎಂಬ ಅಂಕಿಯಲ್ಲಿ ಮೊದಲನೆಯವನು ಹತ್ತಿದ್ದು ಕಾಣುವುದೇ ಇಲ್ಲ.

ಆದರೂ ಲೆಕ್ಕದ ತಪ್ಪು ದೊಡ್ಡದಲ್ಲ, ಕೈಯ ತಪ್ಪು ದೊಡ್ಡದು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಮೇಲೆ ಇರುವುದು ಒಂದು ನಂಬರು. ತಿದ್ದುವವನಿಗೆ ನಮ್ಮ ಹೆಸರು ಕಾಣದು, ಮುಖ ಕಾಣದು. ಆದರೆ ಐಎ ಮಾರ್ಕ್ಸ್ ಎಂದು ನಾವೆಲ್ಲ ಕರೆಯುವ ಆಂತರಿಕ ಅಂಕ ಕೊಡುವವರಿಗೆ ಎಲ್ಲವೂ ಕಾಣುತ್ತದೆ. ೨೦೨೧ರಲ್ಲಿ ಕರ್ನಾಟಕಕ್ಕೆ ಹೊಸ ಶಿಕ್ಷಣ ನೀತಿ ಬಂದಾಗ ನೂರರಲ್ಲಿ ನಲವತ್ತು ಅಂಕ ಹೀಗೆ ಕಾಲೇಜಿನ ಕೈಗೇ ಹೋಯಿತು. ೨೦೨೪ರಲ್ಲಿ ರಾಜ್ಯ ಆ ನೀತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆಂತರಿಕ ಅಂಕ ಮಾತ್ರ ಉಳಿಯಿತು.

ನಾವು ಓದಿದ ಕಾಲೇಜಿನಲ್ಲಿ ಮೇಷ್ಟ್ರೊಬ್ಬರು ಸೆಮಿನಾರಿಗೆ ನಿಲ್ಲಿಸಿ, 'ಸ್ಕಾಲರ್‌ಶಿಪ್ಪಾ?' ಎಂದು ಕೇಳಿಯೇ ವಿಷಯಕ್ಕೆ ಬರುತ್ತಿದ್ದರು. ಅಂಕ ಯಾಕೆ ಕಡಿಮೆ ಎಂದು ಕೇಳಿದ್ದಕ್ಕೆ, 'ಪಾಸಾಗಿದ್ದೀಯಲ್ಲಪ್ಪಾ, ನಿಮ್ಗೆ ಅಷ್ಟು ಸಾಕು' ಎಂದರು. ಬೈಗುಳವಲ್ಲ ಅದು. ನಗುನಗುತ್ತಲೇ ಅಂದರು. ಆ 'ನಿಮ್ಗೆ' ಎಂಬ ಬಹುವಚನ ಮರ್ಯಾದೆಯದಲ್ಲ, ಕೇರಿಯದು ಎಂದು ನಮಗೆ ಗೊತ್ತಾಯಿತು. ಯಾವ ದೂರಿನ ಅರ್ಜಿಯಲ್ಲಿ ಇದನ್ನು ಬರೆಯುವುದು?

ಇದು ನಮ್ಮೊಬ್ಬರ ಗೋಳಲ್ಲ. ದೆಹಲಿಯ ಏಮ್ಸ್‌ನಲ್ಲಿನ ತಾರತಮ್ಯದ ಬಗ್ಗೆ ಸುಖದೇವ ಥೋರಟ್ ಸಮಿತಿ ೨೦೦೭ರಲ್ಲಿ ಕೊಟ್ಟ ವರದಿಯಲ್ಲಿ, ಪರೀಕ್ಷಕರು ನೇರವಾಗಿಯೋ ಸುತ್ತಿಬಳಸಿಯೋ ಜಾತಿ ಕೇಳುತ್ತಿದ್ದರೆಂದು ಪರಿಶಿಷ್ಟ ವಿದ್ಯಾರ್ಥಿಗಳು ಹೇಳಿದ್ದು ದಾಖಲಾಗಿದೆ.

ಈಗ ನಮ್ಮವರಿಗೇ ಕಹಿಯಾಗುವ ಒಂದು ಮಾತು. ರೆಮಾ ಹನ್ನಾ ಮತ್ತು ಲೀ ಲಿಂಡನ್ ಎಂಬ ಅರ್ಥಶಾಸ್ತ್ರಜ್ಞರು ಭಾರತದಲ್ಲಿ ಒಂದು ಪ್ರಯೋಗ ಮಾಡಿ ೨೦೧೨ರಲ್ಲಿ ಪ್ರಕಟಿಸಿದರು. ಮಕ್ಕಳ ಉತ್ತರಪತ್ರಿಕೆಗಳ ಮುಖಪುಟದ ಮೇಲೆ ಚೀಟಿ ಎತ್ತಿದ ಹಾಗೆ ಯಾವುದೋ ಒಂದು ಜಾತಿ, ವಯಸ್ಸು, ಹೆಣ್ಣೋ ಗಂಡೋ ಎಂದು ಬರೆದು ಮೇಷ್ಟ್ರುಗಳ ಕೈಲಿ ತಿದ್ದಿಸಿದರು. ಕೆಳಜಾತಿ ಎಂದು ಬರೆದ ಪತ್ರಿಕೆಗಳಿಗೆ ಅಂಕ ಕಡಿಮೆ ಬಿತ್ತು. ವ್ಯತ್ಯಾಸ ಸಣ್ಣದು, ಆದರೆ ಇತ್ತು. ಹಾಗೆ ಕಡಿಮೆ ಕೊಟ್ಟವರು ಮುಖ್ಯವಾಗಿ ಯಾರು? ಮೇಲ್ಜಾತಿಯವರಲ್ಲ, ಕೆಳಜಾತಿಗಳಿಂದಲೇ ಬಂದ ಮೇಷ್ಟ್ರುಗಳು.

ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಇದನ್ನು ಮುಚ್ಚಿಟ್ಟು ಎದುರಿನವರನ್ನು ಮಾತ್ರ ಬಯ್ಯುವುದು ಸುಲಭ. ಆದರೆ ಒಡೆಯರ ಕೊಳಗ ನಮ್ಮ ಕೈಗೆ ಬಂದಾಗ ನಾವೂ ಒಡೆಯರ ಹಾಗೆಯೇ ಅಳೆದರೆ, 'ನಮ್ಮ ಹುಡುಗ ಇಷ್ಟೇ' ಎಂದು ನಾವೇ ನಂಬಿಬಿಟ್ಟರೆ, ಜಾತಿಗೆ ಬೇರೆ ಕಾವಲುಗಾರ ಯಾಕೆ ಬೇಕು? ಅದು ಶಾಲೆಯ ಮಕ್ಕಳ ಪತ್ರಿಕೆಗಳ ಪ್ರಯೋಗ, ಕಾಲೇಜಿನದಲ್ಲ. ಒಂದು ಪ್ರಯೋಗದಿಂದ ದೇಶದ ಮೇಷ್ಟ್ರುಗಳೆಲ್ಲ ಹೀಗೇ ಎನ್ನಲೂ ಬಾರದು. ಆದರೂ ಲೆಕ್ಚರರ್ ಆಗಿರುವ ನಮ್ಮ ಗೆಳೆಯರು ಕೆಂಪು ಪೆನ್ನು ಹಿಡಿಯುವ ಮೊದಲು ಇದನ್ನೊಮ್ಮೆ ನೆನೆಯಬೇಕು.

ಹಾಗಾದರೆ ಐಎ ಬೇಡವೇ? ಹಾಗೆ ನಾವು ಹೇಳುವುದಿಲ್ಲ. ಒಂದು ವರ್ಷದ ಓದನ್ನು ಮೂರು ಗಂಟೆಯಲ್ಲಿ ತೂಗುವುದೂ ಅನ್ಯಾಯವೇ. ಪರೀಕ್ಷೆಯ ದಿನ ಜ್ವರ ಬಂದವನಿಗೆ, ಬಸ್ಸು ತಪ್ಪಿದವಳಿಗೆ ವರ್ಷವಿಡೀ ಮಾಡಿದ ಕೆಲಸದ ಅಂಕ ಆಸರೆ. ಒಳ್ಳೆಯ ಮೇಷ್ಟ್ರು ಮುಖ ನೋಡಿ ಕಷ್ಟವನ್ನೂ ಅರಿಯುತ್ತಾರೆ. ಅಂಥವರಿಂದಲೇ ನಾವು ಇಲ್ಲಿಯವರೆಗೆ ಬಂದದ್ದು. ಆದರೆ ಕರುಣೆಯ ಮೇಲೆ ನಿಂತದ್ದು ಹಕ್ಕಲ್ಲ.

ನಾವು ಕೇಳುವುದು ಮೂರೇ. ಕಾಲೇಜಿನೊಳಗಿನ ಟೆಸ್ಟಿಗೂ ಹೆಸರು ತೆಗೆದು ನಂಬರು ಹಾಕಿ. ಸೆಮಿನಾರಿಗೆ, ವೈವಾಕ್ಕೆ ಕೊಟ್ಟ ಅಂಕಕ್ಕೆ ಎರಡು ಸಾಲು ಕಾರಣ ಬರೆದು ವಿದ್ಯಾರ್ಥಿಯ ಕೈಗೆ ಕೊಡಿ. ಸಿಜಿಪಿಎ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಮೊದಲ ವರ್ಷದ ಸರಾಸರಿ ಮತ್ತು ಕೊನೆಯ ವರ್ಷದ ಸರಾಸರಿ ಅಚ್ಚುಮಾಡಿ. ಹತ್ತಿದವನು ಹತ್ತಿದ್ದು ಕಾಣಲಿ. ಇದೇನು ಸಣ್ಣ ಮಾತಲ್ಲ. ಡಿಗ್ರಿ ಕಾಲೇಜಿನ ಮೇಷ್ಟ್ರಾಗಲು ಎಂ.ಎ.ಯಲ್ಲಿ ನೂರಕ್ಕೆ ೫೫ ಬೇಕು, ಪರಿಶಿಷ್ಟರಿಗೆ ೫೦. ಅರ್ಧ ಅಂಕದಲ್ಲಿ ಬಾಗಿಲಾಚೆ ನಿಂತವರು ನಮ್ಮ ಊರುಗಳಲ್ಲೇ ಇದ್ದಾರೆ.

ತಿದ್ದಿದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಬರೆದವನಿಗೆ ಇದೆ ಎಂದು ೨೦೧೧ರಲ್ಲೇ ಸುಪ್ರೀಂ ಕೋರ್ಟು ಮಾಹಿತಿ ಹಕ್ಕು ಕಾಯ್ದೆಯ ಅಡಿ ಹೇಳಿದೆ. ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ನಾವಂತೂ ಕೇಳಲಿಲ್ಲ. ಕೇಳಿದರೆ ಮುಂದಿನ ಸೆಮಿಸ್ಟರಿನ ಐಎ ಯಾರ ಕೈಲಿದೆ ಎಂಬ ಹೆದರಿಕೆ. ಆ ಹೆದರಿಕೆಗೆ ಯಾವ ಪಟ್ಟಿಯಲ್ಲೂ ಕ್ರೆಡಿಟ್ ಇಲ್ಲ.

ಈ ಪತ್ರಿಕೆ ಓದುವ ತಮ್ಮಂದಿರೇ, ತಂಗಿಯರೇ, ನೀವು ಕೇಳಿ. ಒಬ್ಬೊಬ್ಬರೇ ಹೋಗಬೇಡಿ, ಹತ್ತು ಜನ ಒಟ್ಟಿಗೆ ಅರ್ಜಿ ಹಾಕಿ. ನಿಮ್ಮ ಕಾಲೇಜಿನಲ್ಲಿ ಹೇಗೆ ಅಳೆಯುತ್ತಾರೆ ಎಂದು ನಮಗೆ ಬರೆದು ಕಳಿಸಿ. ಅಪ್ಪ ಇನ್ನೂ ಕೇಳುತ್ತಲೇ ಇದ್ದಾನೆ.